ನೀರಿನ ಗುಟ್ಟು ಬಯಲು ಮಾಡಿದ ರಾಬರ್ಟ್ ಕಾಖ್

ನಲ್ಲಿ ತಿರುಗಿಸಿ ನೀರು ಹಿಡಿಯುವ ಪಟ್ಟಣವಾಸಿಗಳಾದ ನಮಗೆ, ಆ ನೀರನ್ನು ನಿರ್ಭಯವಾಗಿ ಕುಡಿಯುವ ದಾರಿ ತೋರಿದವರ ನೆನಪು ಬರುವುದು ಅಪರೂಪ. ಅಂಥವರಲ್ಲಿ ಅಗ್ರಗಣ್ಯನು ರಾಬರ್ಟ್ ಕಾಖ್.

1843ನೆಯ ಡಿಸೆಂಬರ್ 11ರಂದು ಜರ್ಮನಿಯ ಕ್ಲೌಸ್ತಾಲ್ ಎಂಬ ಗಣಿಯೂರಿನಲ್ಲಿ ಅವನು ಹುಟ್ಟಿದನು. ವೈದ್ಯಶಾಸ್ತ್ರ ಕಲಿತು, ವೊಲ್‌ಸ್ಟೈನ್ ಎಂಬ ಸಣ್ಣ ಊರಿನಲ್ಲಿ ಸರ್ಕಾರಿ ವೈದ್ಯನಾದನು. ರೋಗಿಗಳ ಸೇವೆ ಮುಗಿದ ಮೇಲೆ ಮನೆಯಲ್ಲಿಯೇ ಸೂಕ್ಷ್ಮದರ್ಶಕದ ಮುಂದೆ ತಪಸ್ಸು. ದನಕುರಿಗಳನ್ನು ಕೊಲ್ಲುವ ಆಂಥ್ರಾಕ್ಸ್ ರೋಗಕ್ಕೆ ಒಂದು ಸೂಕ್ಷ್ಮಾಣುವೇ ಕಾರಣವೆಂದು 1876ರಲ್ಲಿ ತೋರಿಸಿಕೊಟ್ಟನು. 1882ರಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದನು.

1883ರಲ್ಲಿ ಈಜಿಪ್ಟಿನಲ್ಲಿ ಕಾಲರಾ ಹಬ್ಬಿತು. ಜರ್ಮನ್ ಸರ್ಕಾರ ಕಾಖನನ್ನು ಅಲ್ಲಿಗೆ ಕಳುಹಿಸಿತು. ಅಲ್ಲಿ ಬೇನೆ ಇಳಿಮುಖವಾಗಲು, ವರ್ಷಾಂತ್ಯಕ್ಕೆ ಅವನು ಕಲ್ಕತ್ತೆಗೆ ಬಂದನು. ಸತ್ತವರ ಕರುಳಿನಲ್ಲಿ ಅಲ್ಪವಿರಾಮದಂತೆ ಬಾಗಿದ ರೋಗಾಣು ಕಂಡಿತು. ಇಟಲಿಯ ಪಾಚೀನಿ 1854ರಲ್ಲಿಯೇ ಅದನ್ನು ನೋಡಿದ್ದನಾದರೂ ಲೋಕ ಲಕ್ಷ್ಯ ಕೊಟ್ಟಿರಲಿಲ್ಲ.

ಆದರೆ ಅದು ಮನುಷ್ಯನಿಂದ ಮನುಷ್ಯನಿಗೆ ಹೋಗುವುದು ಹೇಗೆ? ನಗರದ ಹೊರವಲಯದ ಒಂದು ಕೆರೆಯ ಸುತ್ತ ಕಾಲರಾ ಬಂದಿತ್ತು. ಮೊದಲು ಸತ್ತವನ ಬಟ್ಟೆಗಳನ್ನು ಅದೇ ಕೆರೆಯಲ್ಲಿ ಒಗೆದಿದ್ದರು. ಸ್ನಾನಕ್ಕೂ ಕುಡಿಯಲಿಕ್ಕೂ ಅದೇ ನೀರು. 1884ರಲ್ಲಿ ಕಾಖ್ ಆ ನೀರನ್ನು ಪರೀಕ್ಷಿಸಿದಾಗ ಅದೇ ರೋಗಾಣು ಅಲ್ಲಿಯೂ ಸಿಕ್ಕಿತು.

ಎಲ್ಲರೂ ಒಪ್ಪಲಿಲ್ಲ. ನೆಲದ ದೋಷವೂ ಕೂಡದೆ ಬೇನೆ ಹಬ್ಬದೆಂದು ವಾದಿಸುತ್ತಿದ್ದ ಮ್ಯೂನಿಕ್ಕಿನ ಹಿರಿಯ ವಿದ್ವಾಂಸ ಪೆಟೆನ್‌ಕೋಫರ್ 1892ರಲ್ಲಿ ರೋಗಾಣುಗಳನ್ನೇ ಕುಡಿದನು. ಅಲ್ಪಸ್ವಲ್ಪ ಭೇದಿಯಾಗಿ ಬದುಕಿಕೊಂಡನು! ಆದರೆ ಅದೇ ವರ್ಷ ಎಲ್ಬೆ ನದಿಯೇ ಸಾಕ್ಷಿ ನುಡಿಯಿತು. ಹ್ಯಾಂಬರ್ಗ್ ನಗರ ನದಿಯ ನೀರನ್ನು ಸೋಸದೆ ಕುಡಿಯುತ್ತಿತ್ತು. ಅಲ್ಲಿ ಸುಮಾರು 8,600 ಜನ ಮಡಿದರು. ಪಕ್ಕದ ಆಲ್ಟೋನಾ, ಹ್ಯಾಂಬರ್ಗಿನ ಕೊಳಚೆ ಸೇರಿದ ನೀರನ್ನೇ ಎತ್ತುತ್ತಿದ್ದರೂ ಮರಳಿನಲ್ಲಿ ಸೋಸುತ್ತಿತ್ತು, ಬಹುಮಟ್ಟಿಗೆ ಪಾರಾಯಿತು. ಎರಡು ಊರುಗಳ ಗಡಿಯ ಬೀದಿಯಲ್ಲಿ ಒಂದು ಬದಿಗೆ ಸಾವು, ಇನ್ನೊಂದು ಬದಿಗೆ ನೆಮ್ಮದಿ.

ನೀರಿನ ಸೂಕ್ಷ್ಮಾಣುಗಳನ್ನು ಎಣಿಸುವ ಉಪಾಯವೂ ಕಾಖನದೇ. ನೀರನ್ನು ಜೆಲಟಿನ್ನಿನಲ್ಲಿ ಬೆರೆಸಿ ಗಾಜಿನ ಮೇಲೆ ಹರಡಿದರೆ, ಒಂದೊಂದು ಜೀವಾಣುವೂ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಸೋಸಿದ ನೀರಿನ ಒಂದು ಘನ ಸೆಂಟಿಮೀಟರಿನಲ್ಲಿ ಇವು 100ನ್ನು ಮೀರಬಾರದೆಂದು ಅವನು ವಿಧಿಸಿದನು.

ಕ್ಷಯದ ಸಂಶೋಧನೆಗಾಗಿ 1905ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಈ ಮಹನೀಯನು 1910ನೆಯ ಮೇ 27ರಂದು ತೀರಿಕೊಂಡನು. ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲವೆಂಬ ಅವನ ಪಾಠ ಮಾತ್ರ ಹಳೆಯದಾಗಿಲ್ಲ. ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೋದಾಗ, ಅಲ್ಲಿಯ ಕೆರೆಬಾವಿಗಳ ದಂಡೆಯಲ್ಲಿ ಈ ಕಥೆಯನ್ನು ಹೇಳೋಣ. ಕುಡಿಯುವ ನೀರನ್ನು ಕುದಿಸಿ ಆರಿಸೋಣ.