ಸೇನೆಗೆ ಒಲ್ಲೆನೆಂದವನ ಗಾಳಿ ಲೆಕ್ಕ

ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ ಡಗ್‌ವೇ ಎಂಬ ಸೇನಾ ಪರೀಕ್ಷಾ ನೆಲೆಯಿದೆ. ಅಲ್ಲಿನ ಗ್ರಾನೈಟ್ ಪೀಕ್ ಬೆಟ್ಟದ ಸುತ್ತ 2012 ಮತ್ತು 2013ರಲ್ಲಿ ವಿಜ್ಞಾನಿಗಳು ಗೋಪುರ ನೆಟ್ಟು, ಬಲೂನು ಹಾರಿಸಿ ಗಾಳಿಯ ಚಲನೆಯನ್ನು ಅಳೆದರು. ‘ಮೆಟರ್‌ಹಾರ್ನ್’ ಎಂಬ ಆ ಯೋಜನೆಗೆ ಹಣ ಒದಗಿಸಿದ್ದು ಅಮೆರಿಕದ ನೌಕಾ ಸಂಶೋಧನಾ ಕಚೇರಿ. ಬೆಟ್ಟದ ಇಳಿಜಾರಿನ ಗಾಳಿ ರಾತ್ರಿ ತಣ್ಣಗಾಗಿ ಕೆಳಕ್ಕೆ ಹರಿದು ಕಣಿವೆಯಲ್ಲಿ ಮಡುಗಟ್ಟುತ್ತದೆ. ಹಗಲು ಬಿಸಿಯಾಗಿ ಮೇಲೇರುತ್ತದೆ. ಕಣಿವೆಯಲ್ಲಿ ಹೆಲಿಕಾಪ್ಟರ್ ಇಳಿಸಬೇಕಾದವನಿಗೆ, ಹೊಗೆಯೋ ವಿಷಾನಿಲವೋ ಎತ್ತ ಸಾಗೀತೆಂದು ತಿಳಿಯಬೇಕಾದ ಸೇನಾಧಿಕಾರಿಗೆ ಇದು ಜೀವನ್ಮರಣದ ಪ್ರಶ್ನೆ. ಆ ತಣ್ಣನೆಯ ಪದರ ನಿಶ್ಚಲವಾಗಿ ಉಳಿಯುವುದೋ, ಸುಳಿಯೆದ್ದು ಕಲಕಿಹೋಗುವುದೋ ಎಂದು ಅಂದಾಜಿಸುವ ಅಳತೆಗೆ ‘ರಿಚರ್ಡ್‌ಸನ್ ಸಂಖ್ಯೆ’ ಎಂದು ಹೆಸರು. ವಿಪರ್ಯಾಸವೆಂದರೆ, ಆ ರಿಚರ್ಡ್‌ಸನ್ ಸೇನೆಯ ನೆರಳು ಬಿತ್ತೆಂಬ ಕಾರಣಕ್ಕೆ ಮೊದಲು ನೌಕರಿಯನ್ನೂ ಆಮೇಲೆ ಆ ವಿದ್ಯೆಯನ್ನೂ ತೊರೆದವನು.

ಲೂಯಿಸ್ ಫ್ರೈ ರಿಚರ್ಡ್‌ಸನ್ ಹುಟ್ಟಿದ್ದು 1881ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಕ್ವೇಕರ್ ಕುಟುಂಬದಲ್ಲಿ. ಯುದ್ಧವನ್ನು ಒಪ್ಪದ ಪಂಥ ಅದು. 1913ರಲ್ಲಿ ಬ್ರಿಟಿಷ್ ಹವಾಮಾನ ಇಲಾಖೆ ಆತನನ್ನು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮುಖ್ಯಸ್ಥನನ್ನಾಗಿಸಿತು. ನಾಳಿನ ಹವೆಯನ್ನು ಅನುಭವದ ಬಲದಿಂದ ಊಹಿಸದೆ ಭೌತವಿಜ್ಞಾನದ ಸಮೀಕರಣಗಳಿಂದಲೇ ಗಣಿಸಬಹುದೆಂಬ ಯೋಚನೆ ಅಲ್ಲಿ ಬಲಿಯಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ. 1916ರಲ್ಲಿ ರಾಜೀನಾಮೆಯಿತ್ತು ಫ್ರಾನ್ಸಿಗೆ ಹೋಗಿ, ಕ್ವೇಕರರ ಆಂಬುಲೆನ್ಸ್ ದಳದಲ್ಲಿ ಗಾಯಾಳುಗಳನ್ನು ಸಾಗಿಸುವ ಚಾಲಕನಾದ. ಬಿಡುವು ಸಿಕ್ಕಾಗ ಹುಲ್ಲಿನ ರಾಶಿಯನ್ನೇ ಮೇಜಾಗಿಸಿಕೊಂಡು, 1910ರ ಮೇ 20ರಂದು ಮಧ್ಯ ಯುರೋಪಿನಲ್ಲಿ ಆರು ಗಂಟೆಗಳ ಅವಧಿಯಲ್ಲಿ ಹವೆ ಹೇಗೆ ಬದಲಾಗಬೇಕಿತ್ತೆಂದು ಕೈಲೆಕ್ಕ ಹಾಕಿದ. ವಾಯುಭಾರ 145 ಮಿಲಿಬಾರ್ ಏರಬೇಕೆಂದು ಉತ್ತರ ಬಂತು. ನಿಜದಲ್ಲಿ ಅದು ಹೆಚ್ಚುಕಡಿಮೆ ಅಲುಗಿರಲೇ ಇಲ್ಲ. ಹಸ್ತಪ್ರತಿ 1917ರ ಷಾಂಪೇನ್ ಕದನದ ವೇಳೆ ಕಾಣೆಯಾಗಿ, ತಿಂಗಳುಗಳ ಬಳಿಕ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯಡಿ ಸಿಕ್ಕಿತು. ಸೋತ ಆ ಲೆಕ್ಕವನ್ನು ಆತ 1922ರ ತನ್ನ ಗ್ರಂಥದಲ್ಲಿ ಇದ್ದಂತೆಯೇ ಅಚ್ಚು ಹಾಕಿಸಿದ. ಇಂಥ ಪ್ರಾಮಾಣಿಕತೆ ವಿಜ್ಞಾನಿಗಳಲ್ಲೂ ಅಪರೂಪ.

ಯುದ್ಧ ಮುಗಿದ ಮೇಲೆ ಇಲಾಖೆಗೆ ಮರಳಿದ್ದ. ಆದರೆ ಅದು ವಾಯುಪಡೆಯ ಸಚಿವಾಲಯಕ್ಕೆ ಸೇರಿತೆಂದು 1920ರಲ್ಲಿ ಮತ್ತೆ ಹೊರಬಂದು ಅಧ್ಯಾಪಕನಾದ. ಗಾಳಿಯ ಸುಳಿಗಳಿಗೆ ಶಕ್ತಿ ಎಲ್ಲಿಂದ ಬರುತ್ತದೆಂಬ, ರಿಚರ್ಡ್‌ಸನ್ ಸಂಖ್ಯೆಗೆ ಮೂಲವಾದ ಪ್ರಬಂಧ ಪ್ರಕಟವಾದದ್ದು ಅದೇ ವರ್ಷ. 1926ರಲ್ಲಿ, ಗಾಳಿಯಲ್ಲಿ ಕಣಗಳು ಹೇಗೆ ಚದುರುತ್ತವೆಂಬ ನಿಯಮವನ್ನೂ ಕಂಡುಕೊಂಡ. ಈ ಸಂಶೋಧನೆಯಲ್ಲಿ ಹೆಚ್ಚು ಆಸಕ್ತಿ ತೋರಿದವರು ವಿಷಾನಿಲ ತಜ್ಞರೆಂಬುದು ಅರಿವಾದಾಗ ಆತ ಆ ಕ್ಷೇತ್ರವನ್ನೇ ಬಿಟ್ಟ. ಅಪ್ರಕಟಿತ ಬರಹಗಳನ್ನು ನಾಶಪಡಿಸಿದ. ಇದರಿಂದ ಸೇನೆಗಳಿಗೆ ಆದ ನಷ್ಟ ಅಲ್ಪ, ಹವಾಮಾನ ವಿಜ್ಞಾನಕ್ಕೆ ಆದದ್ದು ದೊಡ್ಡದು ಎನ್ನಬೇಕು. ಮುಖ್ಯ ಪ್ರಬಂಧಗಳು ಆಗಲೇ ಅಚ್ಚಾಗಿ ಎಲ್ಲರ ಕೈಸೇರಿದ್ದವು.

ಮುಂದೆ ಆತನ ಗಣಿತ ಹೊರಳಿದ್ದು ಯುದ್ಧದ ಕಾರಣಗಳತ್ತ. 1940ರಲ್ಲಿ ಪೇಸ್ಲಿಯ ಕಾಲೇಜಿನ ಪ್ರಾಚಾರ್ಯ ಹುದ್ದೆಯನ್ನೂ ಅದಕ್ಕಾಗಿ ಬಿಟ್ಟ. ದೇಶಗಳ ಗಡಿಯುದ್ದಕ್ಕೂ ಯುದ್ಧಗಳಿಗೂ ನಂಟಿದೆಯೇ ಎಂದು ಹುಡುಕುವಾಗ, ಸ್ಪೇನ್-ಪೋರ್ಚುಗಲ್ ಗಡಿ ಒಂದು ಪುಸ್ತಕದಲ್ಲಿ 987, ಇನ್ನೊಂದರಲ್ಲಿ 1,214 ಕಿಲೋಮೀಟರ್ ಎಂದಿದ್ದದ್ದು ಕಣ್ಣಿಗೆ ಬಿತ್ತು. ಅಳೆಯುವ ಕೋಲು ಚಿಕ್ಕದಾದಷ್ಟೂ ಗಡಿ ಉದ್ದವಾಗುತ್ತದೆಂಬ ಈ ಶೋಧ ಫ್ರ್ಯಾಕ್ಟಲ್ ಗಣಿತಕ್ಕೆ ದಾರಿಯಾಯಿತು. ಯುದ್ಧ ಕುರಿತ ಎರಡು ಗ್ರಂಥಗಳು ಪುಸ್ತಕವಾಗಿ ಅಚ್ಚಾದದ್ದು 1960ರಲ್ಲಿ, ಆತ ತೀರಿಕೊಂಡು ಏಳು ವರ್ಷಗಳಾದ ಮೇಲೆ.

ಸಾವಿಗೆ ಮೂರು ವರ್ಷ ಮೊದಲು, 1950ರಲ್ಲಿ, ಜೂಲ್ ಚಾರ್ನಿಯ ತಂಡ ಕಂಪ್ಯೂಟರಿನಿಂದ ಮೊದಲ ಬಾರಿಗೆ ಹವೆಯ ಮುನ್ಸೂಚನೆ ಗಣಿಸಿ ಫಲಿತಾಂಶವನ್ನು ಆತನಿಗೆ ಕಳಿಸಿತು. ವೃದ್ಧ ವಿಜ್ಞಾನಿ ಮನಸಾರೆ ಅಭಿನಂದಿಸಿದ. ಲೆಕ್ಕ ಹಾಕಿದ ‘ಎನಿಯಾಕ್’ ಯಂತ್ರ ಅಮೆರಿಕದ ಭೂಸೇನೆಯದಾಗಿತ್ತು.