ನೆರಳಿನ ಕಾಡಿನಲ್ಲಿ ತೇಜಸ್ವಿಯವರು

ಪೂರ್ಣಚಂದ್ರ ತೇಜಸ್ವಿಯವರ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಇರಲಾರನು. ‘ಕರ್ವಾಲೊ’ ಓದಿದವರು ಬಹಳ ಮಂದಿ. ಅವರು ತೆಗೆದ ಹಕ್ಕಿಗಳ ಛಾಯಾಚಿತ್ರಗಳನ್ನು ನಿಧಾನವಾಗಿ ನೋಡಿದವರು ಕಡಿಮೆ. ಅಷ್ಟು ದೊಡ್ಡ ಕಾದಂಬರಿಕಾರರು ಹಕ್ಕಿಗಳ ಹಿಂದೆ ಅಲೆದು ಕಾಲವನ್ನು ವ್ಯರ್ಥ ಮಾಡಿದರೆಂದು ಗೆಳೆಯರೊಬ್ಬರು ನನ್ನೊಡನೆ ವಾದಿಸಿದ್ದುಂಟು. ಆ ಮಾತನ್ನು ನಾನು ಒಪ್ಪಲಾರೆ. ಆದುದರಿಂದಲೇ ಈ ಬರಹ.

ತೇಜಸ್ವಿಯವರು ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ತಂದೆ ಕುವೆಂಪು ಅವರು ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, ಬಳಿಕ ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆದವರು. ಮಗನೂ ಮೈಸೂರಿನಲ್ಲಿಯೇ ಕನ್ನಡ ಎಂ.ಎ. ಮುಗಿಸಿದರು. ಅಧ್ಯಾಪಕರಾಗುವುದಕ್ಕೆ ಇದಕ್ಕಿಂತ ಸುಗಮವಾದ ದಾರಿ ಬೇಕೆ? ಆದರೆ ಅವರು ಉದ್ಯೋಗವನ್ನು ಬಯಸದೆ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಕಡೆಗೆ ಹೋಗಿ ಕಾಫಿ ತೋಟ ಮಾಡಿದರು. 1966ರಲ್ಲಿ ರಾಜೇಶ್ವರಿಯವರನ್ನು ವಿವಾಹವಾದರು. ಪದವಿ ಪಡೆದ ಮೇಲೆ ಕೆಲಸಕ್ಕೆ ಅರ್ಜಿ ಹಾಕುವುದೊಂದನ್ನೇ ಬಲ್ಲ ನಮ್ಮಂಥವರಿಗೆ ಇದು ಬೆರಗಿನ ಸಂಗತಿ. ತೋಟ ಮಾಡಲು ಮೊದಲು ನೆಲವಿರಬೇಕಲ್ಲ ಎಂಬ ಮಾತೂ ನಿಜವೇ. ಹೋದವರು ಹಿಂದಿರುಗಲಿಲ್ಲ ಎಂಬುದು ಮಾತ್ರ ಮುಖ್ಯ.

‘ಕರ್ವಾಲೊ’ 1980ರಲ್ಲಿ ಹೊರಬಂದಿತು. ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಇವೆಲ್ಲವೂ ತಿಳಿದ ವಿಷಯಗಳಾದ್ದರಿಂದ ಹೆಚ್ಚು ಬರೆಯುವುದಿಲ್ಲ. ಮೀನು ಹಿಡಿಯುವುದು, ಚಿತ್ರ ಬರೆಯುವುದು, ಕನ್ನಡಕ್ಕೆ ಕಂಪ್ಯೂಟರನ್ನು ಒಗ್ಗಿಸುವುದು, ಹೀಗೆ ಅವರ ಆಸಕ್ತಿಗಳು ಅನೇಕ. ಆದರೆ ಹಕ್ಕಿಯ ಛಾಯಾಗ್ರಹಣದಷ್ಟು ತಾಳ್ಮೆಯನ್ನು ಬೇಡುವಂಥದು ಅವುಗಳಲ್ಲಿ ಬೇರೊಂದಿಲ್ಲವೆಂದು ನನ್ನ ಎಣಿಕೆ.

ಏಕೆಂದರೆ ಮಲೆನಾಡಿನ ಬೆಳಕು ನಮ್ಮ ದುರ್ಗದ ಬೆಳಕಲ್ಲ. ಇಲ್ಲಿ ಬೆಳಗ್ಗೆ ಒಂಬತ್ತಕ್ಕೆಲ್ಲ ಬಂಡೆಗಳ ಮೇಲೆ ಬಿಸಿಲು ಕಣ್ಣು ಕುಕ್ಕುತ್ತದೆ. ಅಲ್ಲಿ ಕಾಫಿ ಗಿಡದ ಮೇಲೆ ಹಾಲುವಾಣ, ಅದರ ಮೇಲೆ ಇನ್ನೂ ಎತ್ತರದ ಕಾಡುಮರ. ಜೂನ್ ಬಂದರೆ ಎಲ್ಲದರ ಮೇಲೂ ಮೋಡ. ಹಕ್ಕಿಗಳು ಚುರುಕಾಗಿರುವುದೋ ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ. ಬೆಳಕು ಅತಿ ಕಡಿಮೆಯಿರುವುದೂ ಆಗಲೇ.

ಛಾಯಾಗ್ರಹಣವನ್ನು ಅರಿಯದ ಮಿತ್ರರಿಗಾಗಿ ಒಂದು ಲೆಕ್ಕ ಹೇಳುತ್ತೇನೆ. ತೇಜಸ್ವಿಯವರು ಕ್ಯಾಮೆರಾ ಹಿಡಿದು ಓಡಾಡಿದ್ದು ಬಹುಪಾಲು ಫಿಲ್ಮಿನ ಕಾಲದಲ್ಲಿ. 100 ವೇಗದ ಫಿಲ್ಮಿಗೆ ಒಳ್ಳೆಯ ಬಿಸಿಲಿನಲ್ಲಿ ಲೆನ್ಸಿನ ರಂಧ್ರವನ್ನು ಎಫ್ 16ಕ್ಕೆ ಕಿರಿದುಮಾಡಿದರೂ ಸೆಕೆಂಡಿನ ನೂರರಲ್ಲಿ ಒಂದು ಪಾಲು ಸಾಕು. ದಟ್ಟ ಮರಗಳಡಿಯಲ್ಲಿ ಅದೇ ರಂಧ್ರವನ್ನು ಎಫ್ 5.6ಕ್ಕೆ ಅಗಲಿಸಿದರೂ ಸೆಕೆಂಡಿನ ಹತ್ತರಲ್ಲಿ ಒಂದು ಪಾಲಿನಷ್ಟು ಹೊತ್ತು ಬೇಕಾಗುವುದುಂಟು. ಅಷ್ಟರಲ್ಲಿ ಹಕ್ಕಿ ಮೂರು ಸಲ ಕತ್ತು ತಿರುಗಿಸಿರುತ್ತದೆ! 400 ಮಿಲಿಮೀಟರಿನ ಉದ್ದನೆಯ ಲೆನ್ಸನ್ನು ಕೈಯಲ್ಲಿ ಹಿಡಿದರೆ ನಾಡಿಯ ಮಿಡಿತವೂ ಚಿತ್ರವನ್ನು ಅಲುಗಿಸುತ್ತದೆ. ಆದ್ದರಿಂದ ಮುಕ್ಕಾಲಿ ಬೇಕು. 400 ವೇಗದ ಫಿಲ್ಮನ್ನು ಹಾಕಿದರೆ ನಾಲ್ಕು ಪಟ್ಟು ಅನುಕೂಲ, ಆದರೆ ಗರಿಗಳ ನಯದ ಮೇಲೆ ಮರಳು ಚೆಲ್ಲಿದಂತೆ ಕಾಣುತ್ತದೆ. ರಂಧ್ರವನ್ನು ಪೂರ್ತಿ ತೆರೆದರೆ ಕಣ್ಣು ಸ್ಪಷ್ಟ, ಬಾಲ ಮಸುಕು. ಒಂದು ಸುರುಳಿಯಲ್ಲಿ 36 ಚಿತ್ರಗಳು. ಅವುಗಳಲ್ಲಿ ಒಂದಾದರೂ ಬಂದಿದೆಯೇ ಎಂಬುದು ಫಿಲ್ಮನ್ನು ತೊಳೆದ ಮೇಲೆಯೇ ತಿಳಿಯುವುದು.

ಹೀಗಿರುವಾಗ ಉಳಿಯುವ ಉಪಾಯವೆಂದರೆ ಹಕ್ಕಿಯ ನಡವಳಿಕೆಯನ್ನು ಓದುವುದು. ಮಿಂಚುಳ್ಳಿ ನೀರಿಗೆ ಧುಮುಕಿ ಬಂದು ಮತ್ತೆ ಅದೇ ಕೊಂಬೆಯ ಮೇಲೆ ಕೂರುತ್ತದೆ. ಕೊಂಬೆಗೆ ಮೊದಲೇ ಫೋಕಸ್ ಮಾಡಿ, ಮರೆಯಲ್ಲಿ ಕುಳಿತು, ಅದು ಅಲುಗದೆ ನೀರನ್ನು ದಿಟ್ಟಿಸುವ ಒಂದು ಕ್ಷಣವನ್ನು ಕಾಯಬೇಕು. ಹಾಗೆ ಕಾದವನಿಗೆ ಚಿತ್ರ ಸಿಗದೆ ಹೋದರೂ ಹಕ್ಕಿಯ ದಿನಚರಿ ಸಿಕ್ಕಿರುತ್ತದೆ. ತೇಜಸ್ವಿಯವರ ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’, ‘ಹಕ್ಕಿ ಪುಕ್ಕ’ ಪುಸ್ತಕಗಳ ಹಿಂದೆ ಇಂಥ ಕಾಯುವಿಕೆಯೇ ಇದೆಯೆಂದು ನಾನು ನಂಬುತ್ತೇನೆ. ‘ಕರ್ವಾಲೊ’ದಲ್ಲಿ ಅಷ್ಟು ಹುಡುಕಿದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ತೇಲಿಹೋಗುವುದನ್ನು ಬರೆದವರಿಗೆ ಖಾಲಿ ಸುರುಳಿಯ ನೋವು ಹೊಸತಾಗಿರಲಾರದು.

ಇದು ಅಪಾಯವಿಲ್ಲದ ವಿನೋದವೆಂದೂ ಭಾವಿಸಬೇಕಾಗಿಲ್ಲ. ಬ್ರಿಟನ್ನಿನ ಹೆಸರಾಂತ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಕತ್ತಲಲ್ಲಿ ಗೂಬೆಯ ಗೂಡಿನ ಬಳಿಗೆ ಹೋದಾಗ ಗೂಬೆ ಎರಗಿ ಅವರ ಎಡಗಣ್ಣು ಹೋಯಿತು. ಉಳಿದ ಒಂದೇ ಕಣ್ಣಿನಿಂದ ಅವರು ದಶಕಗಳ ಕಾಲ ಅದೇ ಕೆಲಸವನ್ನು ಮುಂದುವರಿಸಿದರು.

ಗೆಳೆಯರ ವಾದಕ್ಕೆ ನನ್ನ ಉತ್ತರ ನಮ್ಮ ಜೋಗಿಮಟ್ಟಿಯಲ್ಲಿಯೇ ಇದೆ. ಅಲ್ಲಿನ ಬಂಡೆಗಳ ನಡುವಿನ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕೆಲವೇ ಕಲ್ಲುಗುಡ್ಡಗಳಲ್ಲಿ ಬಾಳುವ ಹಕ್ಕಿ ಅದು. ದೂರದೂರದಿಂದ ಜನ ಕ್ಯಾಮೆರಾ ಹೊತ್ತು ಅದನ್ನು ನೋಡಲು ಬರುತ್ತಾರೆ. ಗುಡ್ಡದ ಬುಡದಲ್ಲಿ ಓದುವ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಬಲ್ಲರು? ಸಲೀಂ ಅಲಿಯವರ ಗ್ರಂಥ ಇಂಗ್ಲಿಷಿನದು. ಹಳ್ಳಿಯಿಂದ ಬಂದ ಹುಡುಗನೊಬ್ಬನಿಗೆ ತನ್ನ ಹೊಲದ ಬೇಲಿಯ ಮೇಲಿನ ಹಕ್ಕಿಯನ್ನು ಅವನದೇ ಮಾತಿನಲ್ಲಿ, ಚಿತ್ರಸಹಿತವಾಗಿ ಪರಿಚಯಿಸುವ ಕೆಲಸಕ್ಕೆ ಒಬ್ಬ ಕಾದಂಬರಿಕಾರರು ತಮ್ಮ ಬೆಳಗುಗಳನ್ನು ಕೊಟ್ಟರು. ಅದರಿಂದ ಎರಡು ಕಾದಂಬರಿ ಕಡಿಮೆಯಾಗಿದ್ದರೆ ಆಗಲಿ.

ತೇಜಸ್ವಿಯವರು 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ತೋಟದ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 68 ವರ್ಷ. ಆ ಹೊತ್ತಿಗೆ ಫಿಲ್ಮಿನ ಕಾಲವೂ ಮುಗಿಯುತ್ತ ಬಂದಿತ್ತು. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ 6400 ವೇಗವನ್ನು ಇಟ್ಟು ಮಬ್ಬಿನಲ್ಲಿಯೂ ಚಿತ್ರ ತೆಗೆಯಬಹುದು, ತೆಗೆದುದನ್ನು ಅಲ್ಲಿಯೇ ನೋಡಲೂಬಹುದು. ಕೊಂಬೆಗೆ ಹಕ್ಕಿ ಬರುವವರೆಗೆ ಕಾಯುವ ಕೆಲಸ ಮಾತ್ರ ಈಗಲೂ ಹಾಗೆಯೇ ಇದೆ.