ಜೋಳಿಗೆಯಿಂದ ಟಿಕೆಟ್ಟಿನವರೆಗೆ

ಉಚ್ಚಂಗಿದುರ್ಗದ ಮೆಟ್ಟಿಲೇರುತ್ತಿದ್ದಾಗ ದಾವಣಗೆರೆಯ ಯಾವುದೋ ಬಡಾವಣೆಯ ಭಜನಾ ಮಂಡಳಿಯ ಇಬ್ಬರು ತರುಣರು ರಸೀದಿ ಪುಸ್ತಕ ಮುಂದೆ ಹಿಡಿದರು. ಐವತ್ತು ರೂಪಾಯಿ ಕೊಟ್ಟೆ. ಕೊಟ್ಟ ನನಗೂ ಪಡೆದ ಅವರಿಗೂ ಮುಜುಗರ. ಚಂದಾ ಎತ್ತುವ ಕೆಲಸವೇ ಹಾಗೆ. ಆಗ ನೆನಪಾದವರು ಗದುಗಿನ ಪಂಚಾಕ್ಷರ ಗವಾಯಿಗಳು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನಿಗೆ ದೃಷ್ಟಿಯಿರಲಿಲ್ಲ. ಸಹೋದರ ಗುರುಬಸಯ್ಯನಿಗೂ ಇರಲಿಲ್ಲ. ಬಾಲಕನ ಕಂಠವನ್ನು ಗುರುತಿಸಿ ಸಂಗೀತಕ್ಕೆ ಹಚ್ಚಿದವರು ಹಾನಗಲ್ಲ ಕುಮಾರಸ್ವಾಮಿಗಳು. ಜೋಳಿಗೆ ಹಿಡಿದು ಊರೂರು ತಿರುಗಿ, ಮಲಪ್ರಭೆಯ ದಂಡೆಯ ಮೇಲೆ 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವನ್ನು ಬೆಳೆಸಿದವರು ಅವರು. ಗದಿಗೆಯ್ಯ ಕರ್ನಾಟಕ, ಹಿಂದೂಸ್ತಾನಿ ಎರಡು ಪದ್ಧತಿಗಳಲ್ಲಿಯೂ ಪಳಗಿ ಪಂಚಾಕ್ಷರ ಗವಾಯಿಗಳಾದರು.

ಅವರ ಸುತ್ತ ಅಂಧರು, ಅನಾಥರು, ಬಡವರ ಮಕ್ಕಳು ನೆರೆದರು. ಜಾತಿಯ ವಿಚಾರಣೆಯಿಲ್ಲ. ಪಾಠಶಾಲೆಗೆ ಸ್ವಂತ ಸೂರೂ ಇಲ್ಲ. ಶಿಷ್ಯರು, ವಾದ್ಯಗಳು, ಅಡಿಗೆಯ ಪಾತ್ರೆಗಳೊಡನೆ ಅದು ಊರಿಂದೂರಿಗೆ ಸಾಗುತ್ತಿತ್ತು. ಕಲಿಸುವುದು ಗುರುವಿಗೆ ಸಲೀಸು, ಉಣಿಸುವುದು ಹೇಗೆ? ಅಂಧ ಬಾಲಕರನ್ನು ಸಾಲಾಗಿ ನಿಲ್ಲಿಸಿ ಜನರ ಕರುಣೆಯನ್ನು ಬೇಡಬಹುದಿತ್ತು. ಭಕ್ತರ ಕಾಣಿಕೆಯನ್ನು ಅವರು ನಿರಾಕರಿಸಿದವರಲ್ಲ. ಆದರೆ ಅಷ್ಟನ್ನೇ ನಂಬಿ ಕೂರದೆ, ಗುರು ಕುಮಾರೇಶ್ವರರ ಹೆಸರಿನಲ್ಲಿ ನಾಟಕ ಕಂಪನಿಯನ್ನೇ ಕಟ್ಟಿದರು.

ಲಿಂಗಪೂಜಾನಿಷ್ಠರೊಬ್ಬರು ಹೀಗೆ ಮಾಡುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ರಂಗಭೂಮಿಯ ಬಗ್ಗೆ ಸಭ್ಯರೆನಿಸಿಕೊಂಡವರ ಅಭಿಪ್ರಾಯ ಅಷ್ಟಕ್ಕಷ್ಟೆ. ಕೊಟ್ಟೂರು, ಮೈಲಾರದ ಜಾತ್ರೆಗಳಲ್ಲಿ ಕಂಪನಿ ನಾಟಕದ ಡೇರೆಯನ್ನು ಕಂಡ ನಮ್ಮ ಸೀಮೆಯವರಿಗೆ ಅದರ ವರಮಾನ ಎಷ್ಟು ಚಂಚಲವೆಂಬುದೂ ಗೊತ್ತು: ಒಂದು ಮಳೆ ಸಾಕು, ಆ ರಾತ್ರಿಯ ಗಲ್ಲಾಪೆಟ್ಟಿಗೆ ಬರಿದು. ಆದರೂ ಟಿಕೆಟ್ಟು ಕೊಂಡವನು ಹಾಡು ಕೇಳಿ ತಲೆದೂಗಿ ಹೋಗುತ್ತಾನೆ. ಅವನು ದಾನಿಯಲ್ಲ, ಪ್ರೇಕ್ಷಕ. ಗವಾಯಿಗಳು ತಮ್ಮ ಮಕ್ಕಳಿಗೆ ಗಳಿಸಿಕೊಟ್ಟದ್ದು ಈ ಅಂತರವನ್ನು ಎಂದು ನನಗನ್ನಿಸುತ್ತದೆ. ಬಸವರಾಜ ರಾಜಗುರುಗಳಂಥ ಗಾಯಕರು ಬೆಳೆದದ್ದು ಇದೇ ಗರಡಿಯಲ್ಲಿ.

ಅಲೆದಾಟದ ಶಾಲೆ ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಯೂರಿತು. ಆ ನೆಮ್ಮದಿಯನ್ನು ಅವರು ಬಹುಕಾಲ ಅನುಭವಿಸಲಿಲ್ಲ, 1944ರಲ್ಲಿ ಲಿಂಗೈಕ್ಯರಾದರು. ಹೊಣೆ ಹೊತ್ತವರು ಅಂಧ ಶಿಷ್ಯ ಪುಟ್ಟರಾಜರು. ಅವರು ನಾಟಕಗಳನ್ನು ರಚಿಸಿದರು, ಹಾರ್ಮೋನಿಯಂ ನುಡಿಸಿದರು, ಕಂಪನಿಯನ್ನೂ ನಡೆಸಿದರು. ಮುಂದೆ ಊರೂರುಗಳಲ್ಲಿ ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯಗಳಿಂದ ತೂಗತೊಡಗಿದರು. 2010ರಲ್ಲಿ ತೀರಿಕೊಳ್ಳುವವರೆಗೆ ನಡೆದ ಆ ನೂರಾರು ತುಲಾಭಾರಗಳ ಹಣ ಆಶ್ರಮದ ಮಕ್ಕಳ ಅನ್ನಕ್ಕೆ ಸಂದಿತು. ಅದು ಜೋಳಿಗೆಯೋ ಟಿಕೆಟ್ಟೋ, ನಾನಂತೂ ತೀರ್ಮಾನಿಸಲಾರೆ.